ಬದನೆ ಎಲೆ ಹಳದಿಯಾದಾಗ: ಮೈಸೂರಿನ ಒಂದು ತಾರಸಿ ತೋಟ, ಒಂದು ಬಕೆಟ್ ಕಾಂಪೋಸ್ಟ್ ಟೀ

ಇದು ಮೈಸೂರಿನ ಒಂದು ಮನೆಯ ತಾರಸಿ ತೋಟದಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಬಿಟ್ಟಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಗಿಡ, ನೀರು, ಗೊಬ್ಬರದ ವಿಷಯ ಮಾತ್ರ ನಡೆದ ಹಾಗೇ ಇದೆ. ಕಾಂಪೋಸ್ಟ್ ಟೀ, ಅಂದರೆ ಗೊಬ್ಬರ ನೆನೆಸಿದ ನೀರು, ಮಾಡಿ ಗಿಡ ಸುಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಮಾಡಿ ಒಳ್ಳೇದಾಯ್ತು ಅಂತ ನಂಬಿದವರೂ ಅಷ್ಟೇ ಇದ್ದಾರೆ. ಯಾವುದರಿಂದ ಒಳ್ಳೇದಾಯ್ತು ಅಂತ ಕುಳಿತು ನೋಡಿದವರು ಕಡಿಮೆ. ಈ ಮನೆಯವರು ನೋಡಿದರು, ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಮನೆ ಮತ್ತು ತೋಟ

ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಮಗಳು ಬೇರೆ ಊರಲ್ಲಿ ಲ್ಯಾಬ್ ಕೆಲಸದಲ್ಲಿದ್ದಾರೆ, ರಜೆಗೆ ಬರುತ್ತಾರೆ. ತಾರಸಿ ಮೇಲೆ ಸುಮಾರು 40 ಕುಂಡ. ಈರನಗೆರೆ ಬದನೆ, ಟೊಮೇಟೊ, ಬೆಂಡೆ, ಮೆಣಸಿನಕಾಯಿ, ಜೊತೆಗೆ ದಂಟು, ಮೆಂತ್ಯ, ಕೊತ್ತಂಬರಿ, ಪುದೀನ. ಮೂಲೆಯಲ್ಲಿ ಸಿಮೆಂಟಿನ ತೊಟ್ಟಿಯಲ್ಲಿ ಒಂದು ಮಲ್ಲಿಗೆ ಬಳ್ಳಿ, ಅದು ಯಜಮಾನಿಯವರ ಪ್ರಾಣ.

ಅಡುಗೆಮನೆ ಕಸ ಒಂದು ದಿನವೂ ಹೊರಗೆ ಹೋಗುವುದಿಲ್ಲ. ಒಂದರ ಮೇಲೊಂದು ಇಡುವ ಮಣ್ಣಿನ ಮಡಕೆಗಳಲ್ಲಿ ಗೊಬ್ಬರ ಮಾಡುತ್ತಾರೆ. ಆದರೆ ಇಬ್ಬರ ಅಡುಗೆಯ ಕಸದಿಂದ 40 ಕುಂಡಕ್ಕೆ ಗೊಬ್ಬರ ಎಲ್ಲಿ ಸಾಕಾಗುತ್ತೆ ಹೇಳಿ. ಕಾಂಪೋಸ್ಟ್ ಟೀ ಕಡೆ ಮನಸ್ಸು ಹೋದದ್ದು ಅದಕ್ಕೇ. ಇರೋ ಒಂದೆರಡು ಬೊಗಸೆ ಗೊಬ್ಬರವನ್ನು ನೀರಿನಲ್ಲಿ ನೆನೆಸಿ, ಅದರ ಸಾರ ಮತ್ತು ಸೂಕ್ಷ್ಮಜೀವಿಗಳನ್ನು ಎಲ್ಲಾ ಗಿಡಕ್ಕೂ ಹಂಚಬಹುದು ಅನ್ನೋ ಲೆಕ್ಕ.

ನೀರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತೆ. ಮನೆಗೆ ಎರಡು ನೀರು. ನೆಲದೊಳಗಿನ ತೊಟ್ಟಿಗೆ (ಸಂಪ್) ಬರೋದು ನಲ್ಲಿಯ ಕಾವೇರಿ ನೀರು, ಅದು ಕುಡಿಯೋಕೆ, ಅಡುಗೆಗೆ. ತೋಟಕ್ಕೆ ಮೊದಲಿನಿಂದಲೂ ಬೋರ್‌ವೆಲ್ ನೀರು. ಕುಡಿಯೋ ನೀರನ್ನು ಗಿಡಕ್ಕೆ ಸುರಿಯಬಾರದು ಅನ್ನೋದು ಯಜಮಾನರ ನಿಯಮ. ಒಳ್ಳೆಯ ನಿಯಮವೇ, ಅದರಲ್ಲಿ ತಪ್ಪು ಹುಡುಕೋ ಹಾಗಿಲ್ಲ.

ಸಮಸ್ಯೆ

ಬೇಸಿಗೆ ಶುರುವಾಗುವ ಹೊತ್ತಿಗೆ ಬದನೆ ಗಿಡಗಳ ಎಲೆ ಹಳದಿಯಾಗತೊಡಗಿತು. ಮಲ್ಲಿಗೆಯದೂ ಅದೇ ಕಥೆ. ಗೊಬ್ಬರ ಸಾಲದು ಅಂತ ಇಬ್ಬರೂ ತೀರ್ಮಾನಿಸಿದರು, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಕಾಂಪೋಸ್ಟ್ ಟೀ ಮಾಡೋಣ ಅಂತಾಯ್ತು. ವಿಧಾನ ಕೇಳಿದ್ದು ಮಂಡ್ಯ ಕಡೆ ಕಬ್ಬು ಬೆಳೆಯುವ ಯಜಮಾನರ ಅಣ್ಣನನ್ನು. ಅವರು ವರ್ಷಗಳಿಂದ ಜೀವಾಮೃತ ಮಾಡುತ್ತಾರೆ. ನಮ್ಮ ಕಡೆ ಜೀವಾಮೃತ ಗೊತ್ತಿಲ್ಲದ ರೈತರು ಕಡಿಮೆ. 2002ರ ಸುಮಾರಿಗೆ ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಕ್ರಮವನ್ನು ರೈತ ಸಂಘದವರು ಕರ್ನಾಟಕದ ಹಳ್ಳಿಗಳಿಗೆ ತಂದಾಗಿನಿಂದ ಆ ಲೆಕ್ಕ ಅನೇಕರಿಗೆ ಬಾಯಿಪಾಠ: 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಅದು ಒಂದು ಎಕರೆಗೆ.

ಅಣ್ಣ ಹೇಳಿದ್ದನ್ನು ಇವರು ತಾರಸಿಗೆ ಒಗ್ಗಿಸಿಕೊಂಡರು. 20 ಲೀಟರಿನ ಪೇಂಟ್ ಬಕೆಟ್. ಸಗಣಿ ಬದಲು ಮಡಕೆಯ ಗೊಬ್ಬರ. ಅಣ್ಣನ ಮನೆಯಿಂದಲೇ ಬಂದ ಆಲೆಮನೆ ಬೆಲ್ಲ ಅರ್ಧ ಕೆಜಿ. ಎರಡು ಹಿಡಿ ಕಡಲೆಹಿಟ್ಟು. ಸೊಳ್ಳೆ ಬರಬಾರದು ಅಂತ ಬಿಗಿಯಾಗಿ ಮುಚ್ಚಳ. ಏಪ್ರಿಲ್ ಬಿಸಿಲಿನ ತಾರಸಿಯಲ್ಲಿ ಐದು ದಿನ.

ಮುಚ್ಚಳ ತೆಗೆದಾಗ ಚರಂಡಿ ವಾಸನೆ. ಮೇಲೆ ಬೂದು ಬಣ್ಣದ ಕೆನೆ, ಅದರ ಕೆಳಗೆ ಸಣ್ಣ ಗುಳ್ಳೆ. ಕೊಳೆತಷ್ಟೂ ಗಿಡಕ್ಕೆ ಒಳ್ಳೇದು ಅಂತ ಕೆಲವು ಕುಂಡಗಳಿಗೆ ಒಂದೊಂದು ಮಗ್ ಹಾಕಿದರು. ಉಳಿದದ್ದನ್ನು ಸೋಸಿ ಎಲೆಗಳಿಗೆ ಸಿಂಪಡಿಸಿದರು. ಎರಡು ಮೂರು ದಿನದಲ್ಲಿ ಟೊಮೇಟೊ ಸಸಿಗಳ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿತು, ನೊಣ ಮುತ್ತಿತು, ಪಕ್ಕದ ಮನೆಯವರು ಬೇಸರ ಮಾಡಿಕೊಂಡರು. ಬದನೆ ಎಲೆ ಹಳದಿಯಾಗಿಯೇ ಉಳಿಯಿತು. ನನಗೆ ಫೋನ್ ಬಂದದ್ದು ಆಗ.

ಮೊದಲ ತಿರುವು: ಒಂದು ಚಮಚದ ಲೆಕ್ಕ

ನಾನು ಹೋದಾಗ ಅಣ್ಣನೂ ಬಂದಿದ್ದರು. ತಮ್ಮ ವಿಧಾನ ಕೆಟ್ಟದ್ದು ಅಂತ ಯಾರಾದರೂ ಅಂದರೆ ಅವರಿಗೆ ನೋವಾಗುತ್ತಿತ್ತು, ಅದು ಸಹಜ. ಹೊಲದಲ್ಲಿ ಅದು ಅವರಿಗೆ ಒಗ್ಗಿದೆ. ಹಾಗಾಗಿ ವಾದಕ್ಕೆ ಹೋಗದೆ ಎಲ್ಲರೂ ಕುಳಿತು ಲೆಕ್ಕ ಹಾಕಿದೆವು.

ಎಕರೆಗೆ 200 ಲೀಟರ್. ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಒಂದು ಚದರ ಮೀಟರಿಗೆ ಬಂದದ್ದು 50 ಮಿಲಿ. ಹನ್ನೆರಡು ಇಂಚಿನ ಕುಂಡದ ಬಾಯಿ ಒಂದು ಚದರ ಮೀಟರಿನ ಹದಿನಾಲ್ಕನೇ ಒಂದು ಭಾಗದಷ್ಟು. ಅಂದರೆ ಹೊಲದ ಲೆಕ್ಕದಲ್ಲಿ ಒಂದು ಕುಂಡಕ್ಕೆ ಬರೋದು ನಾಲ್ಕು ಮಿಲಿಗಿಂತ ಕಡಿಮೆ, ಒಂದು ಟೀ ಚಮಚವೂ ಇಲ್ಲ. ಇವರು ಹಾಕಿದ್ದು ಒಂದು ಮಗ್, ಹತ್ತಿರ ಹತ್ತಿರ ಒಂದು ಲೀಟರ್. ಬೆಲ್ಲದ ಲೆಕ್ಕವೂ ತಪ್ಪಿತ್ತು. ಜೀವಾಮೃತದ ಪ್ರಮಾಣದಲ್ಲೇ ಹಾಕಿದ್ದರೂ 20 ಲೀಟರಿಗೆ 200 ಗ್ರಾಂ ಸಾಕಿತ್ತು.

ಅಣ್ಣ ಆ ಕಾಗದವನ್ನು ಎತ್ತಿಕೊಂಡು ಎರಡು ಸಲ ನೋಡಿದರು. ಆಮೇಲೆ ಅವರೇ ಹೇಳಿದರು: "ನಮ್ ಗದ್ದೇಲಿ ಅದು ಕಾಲುವೆ ನೀರಲ್ಲಿ ಬೆರೆತು ಹೋಗುತ್ತೆ. ಕೆಳಗಡೆ ನೆಲ ಇದೆ, ಎಲ್ಲಾನೂ ತಡ್ಕೊಳುತ್ತೆ. ಈ ಡಬ್ಬದಲ್ಲಿ ಎಲ್ಲಿಗೆ ಹೋಗಬೇಕು ಅದು?" ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುತ್ತಿರಲಿಲ್ಲ.

ವಾಸನೆಯ ಕಾರಣ ಸರಳ. ಬೆಲ್ಲ ಸಿಕ್ಕಿದ ಕೂಡಲೇ ಬ್ಯಾಕ್ಟೀರಿಯಾ ದುಪ್ಪಟ್ಟು ಮುಪ್ಪಟ್ಟು ಆಗುತ್ತವೆ, ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕವೇ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದರೆ 30 ಡಿಗ್ರಿಯಲ್ಲಿ ಏಳೂವರೆ. ಮೇಲೆ ಮುಚ್ಚಳ ಬೇರೆ. ಗಾಳಿ ಇಲ್ಲದ ಕಡೆ ಬದುಕುವ ಜೀವಿಗಳು ಆಗ ಮೇಲುಗೈ ಪಡೆಯುತ್ತವೆ. ಅವು ಬಿಡುವ ಆಮ್ಲ, ಆಲ್ಕೋಹಾಲ್, ಗಂಧಕದ ಅನಿಲ ಇವೇ ಆ ವಾಸನೆ. ಎಳೆ ಸಸಿಗಳನ್ನು ಸುಟ್ಟದ್ದೂ ಬಹುಶಃ ಇವೇ.

ಸರಿಯಾಗಿ ಮಾಡುವ ಪ್ರಯತ್ನ

ಬಿಟ್ಟುಬಿಡಿ ಅಂತ ಹೇಳಬಹುದಿತ್ತು. ಆದರೆ ಅವರಿಗೆ ಆಸೆ ಇತ್ತು, ಸರಿಯಾಗಿ ಮಾಡಿದರೆ ಏನಾಗುತ್ತೆ ಅಂತ ನನಗೂ ನೋಡಬೇಕಿತ್ತು. ಮೊದಲು ಗೊಬ್ಬರ ನೋಡಿದೆವು. ಕೆಳಗಿನ ಮಡಕೆಯದ್ದನ್ನು ಅಂಗೈಗೆ ಸುರಿದುಕೊಂಡರೆ ಇನ್ನೂ ನಿಂಬೆ ಸಿಪ್ಪೆ ಗುರುತಾಗುತ್ತಿತ್ತು, ಬಾಳೆಹಣ್ಣಿನ ತೊಟ್ಟು ಹಾಗೇ ಇತ್ತು, ಮೂಗಿನ ಹತ್ತಿರ ತಂದರೆ ಹುಳಿ ವಾಸನೆ. ಅದು ಗೊಬ್ಬರ ಅಲ್ಲ, ಅರ್ಧ ದಾರಿಯಲ್ಲಿರೋ ಕಸ. ಅದನ್ನು ಇನ್ನೊಂದು ತಿಂಗಳ ಮೇಲೆ ಮಾಗಲು ಬಿಟ್ಟರು. ಆಮೇಲೆ ಒಂದು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮೂರು ದಿನ ನೆರಳಲ್ಲಿ ಇಟ್ಟರು. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಮಾಗಿದೆ, ಹುಳಿ ಅಥವಾ ಅಮೋನಿಯಾ ವಾಸನೆ ಬಂದರೆ ಇಲ್ಲ. ಈ ಸಲ ಮಣ್ಣಿನ ವಾಸನೆ ಬಂತು.

ಮುಂದೆ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಇರಲೇಬೇಕು. ಅದು ಇರೋದೇ ಸೂಕ್ಷ್ಮಜೀವಿಗಳನ್ನು ಕೊಲ್ಲೋಕೆ, ಅದರಲ್ಲೇ ಸೂಕ್ಷ್ಮಜೀವಿ ಬೆಳೆಸ್ತೀನಿ ಅಂದರೆ ಹೇಗೆ ಅಲ್ವಾ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತೆ. ಬೋರ್ ನೀರಿಗೆ ಈ ತಲೆನೋವು ಇಲ್ಲ, ಆದರೆ ಅದು ತುಂಬಾ ಗಡುಸು ಅಂತ ಯಜಮಾನಿಯವರೇ ಕಾವೇರಿ ನೀರು ತೆಗೆದುಕೊಳ್ಳೋಣ ಅಂದರು. ಬಕೆಟ್ ಲೆಕ್ಕದಲ್ಲಿ ಅಷ್ಟೇನೂ ಖರ್ಚಲ್ಲ ಅಂತ ಯಜಮಾನರೂ ಒಪ್ಪಿದರು. ಆ ಕ್ಷಣದಲ್ಲಿ ಯಾರಿಗೂ ಇದು ದೊಡ್ಡ ವಿಷಯ ಅನ್ನಿಸಲಿಲ್ಲ.

ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು, ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಎರಡು ಗಾಳಿ ಕಲ್ಲು ತಂದರು. 15 ಲೀಟರ್ ನೀರಿಗೆ ಒಂದೂವರೆ ಲೀಟರ್ ಅಳತೆಯ ಗೊಬ್ಬರ, ಹಳೇ ಸೊಳ್ಳೆ ಪರದೆಯಲ್ಲಿ ಸಡಿಲವಾಗಿ ಕಟ್ಟಿ ಇಳಿಬಿಟ್ಟರು. ಬಿಗಿಯಾಗಿ ಕಟ್ಟಿದರೆ ಒಳಗೆ ಗಾಳಿ ಹೋಗೋದಿಲ್ಲ. ಬೆಲ್ಲ ಒಂದೇ ಚಮಚ. ಬಕೆಟ್ ನೆರಳಲ್ಲಿ. ಇಪ್ಪತ್ನಾಲ್ಕು ಗಂಟೆ.

ಆ ರಾತ್ರಿ ಗುಡುಗು ಮಳೆ, ಕರೆಂಟ್ ಹೋಯಿತು. ಯಾವಾಗ ಹೋಯಿತು, ಯಾವಾಗ ಬಂತು ಯಾರೂ ನೋಡಿಲ್ಲ. ಬೆಳಿಗ್ಗೆ ಪಂಪು ಓಡುತ್ತಿತ್ತು, ನೊರೆಯೂ ಚೆನ್ನಾಗಿಯೇ ಇತ್ತು, ಆದರೆ ಬಗ್ಗಿ ಮೂಸಿದರೆ ಸಣ್ಣಗೆ ಹುಳಿ. ಹಾಕಬೇಕೋ ಬೇಡವೋ ಅಂತ ಚರ್ಚೆ ಆಯಿತು. ಅಷ್ಟು ಶ್ರಮ ಪಟ್ಟು ಚೆಲ್ಲೋದಾ ಅಂತ ಯಜಮಾನರಿಗೆ ಸಂಕಟ. ಕೊನೆಗೆ ಯಜಮಾನಿಯವರು ಬಕೆಟ್ ಕೆಳಗಿಳಿಸಿ ಗೇಟಿನ ಪಕ್ಕದ ತೆಂಗಿನ ಮರದ ಬುಡಕ್ಕೆ ಸುರಿದರು. ಮೂಗಿಗೆ ಅನುಮಾನ ಬಂದರೆ ತರಕಾರಿ ಕುಂಡಕ್ಕೆ ಬೇಡ ಅನ್ನೋ ನಿಯಮ ಆ ಮನೆಯಲ್ಲಿ ಅವತ್ತಿನಿಂದ ಇದೆ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ನಿರ್ಧಾರ ಅದು.

ಮಗಳ ಪ್ರಶ್ನೆ

ಮುಂದಿನ ಸಲ ಮಗಳು ಮನೆಯಲ್ಲಿದ್ದರು. ಬೆಲ್ಲದ ಡಬ್ಬ ನೋಡಿ ಒಂದೇ ಮಾತು ಕೇಳಿದರು: "ಇದನ್ನ ತಿಂದು ಯಾವ ಬ್ಯಾಕ್ಟೀರಿಯಾ ಬೆಳೆಯುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಪ್ರಶ್ನೆ ನ್ಯಾಯವಾದದ್ದು. ದೊಡ್ಡ ರಾಶಿ ಹಾಕಿ ಮಾಡುವ ಗೊಬ್ಬರ 55 ಡಿಗ್ರಿ ದಾಟಿ ದಿನಗಟ್ಟಲೆ ಬಿಸಿಯಾಗಿರುತ್ತೆ, ರೋಗ ತರೋ ಜೀವಿಗಳು ಆ ಶಾಖಕ್ಕೆ ಸಾಯುತ್ತವೆ. ಮನೆಯ ಮಡಕೆಯಲ್ಲಿ ಅಷ್ಟು ಬಿಸಿ ಬರೋದಿಲ್ಲ, ಕೈಯಿಟ್ಟರೆ ಬೆಚ್ಚಗಿದೆ ಅನ್ನಿಸಬಹುದು ಅಷ್ಟೇ. ಕಸದಲ್ಲಿ ಮೊಟ್ಟೆ ಚಿಪ್ಪು ಇರುತ್ತೆ, ತೊಳೆಯದ ಸೊಪ್ಪಿನ ಬೇರು ಇರುತ್ತೆ. ಇ. ಕೋಲಿ, ಸಾಲ್ಮೊನೆಲ್ಲಾ ಒಂದಿಷ್ಟು ಉಳಿದಿದ್ದರೆ ಬೆಲ್ಲ ಅವಕ್ಕೂ ಊಟವೇ. ಅಮೆರಿಕದ ಸಾವಯವ ಮಾನದಂಡ ಮಂಡಳಿಯ ಕಾಂಪೋಸ್ಟ್ ಟೀ ಸಮಿತಿ 2004ರ ವರದಿಯಲ್ಲಿ ಎಚ್ಚರಿಸಿದ್ದು ಇದನ್ನೇ. ಸಿಹಿ ಅಥವಾ ಬೇರೆ ಪೋಷಕ ಸೇರಿಸಿ ಮಾಡಿದ ಟೀಯನ್ನು ಪರೀಕ್ಷೆ ಮಾಡದೆ ತಿನ್ನುವ ಬೆಳೆಗೆ ಹಾಕಬೇಡಿ, ಹಾಕಿದರೆ ಹಸಿ ಸಗಣಿ ಹಾಕಿದಾಗಿನ ಹಾಗೆ 90 ಅಥವಾ 120 ದಿನ ಬಿಟ್ಟು ಕೊಯ್ಯಿರಿ ಅನ್ನೋ ಧಾಟಿಯ ಶಿಫಾರಸು ಅದು. ಕೊತ್ತಂಬರಿಗೆ 90 ದಿನ ಕಾಯೋಕಾಗುತ್ತಾ? ಅದನ್ನು ನಾವು ಕೋಸಂಬರಿಗೆ ಹಸಿಯಾಗಿ ಉದುರಿಸ್ತೀವಿ.

ಎರಡು ನಿರ್ಧಾರ ಆಯಿತು. ಬೆಲ್ಲ, ಹಿಟ್ಟು ಪೂರ್ತಿ ಬಂದ್. ಎಲೆಗೆ ಸಿಂಪಡಣೆಯೂ ಬಂದ್, ಸೊಪ್ಪಿನ ಕುಂಡಗಳಿಗಂತೂ ಟೀಯೇ ಬೇಡ. ಬುಡಕ್ಕೆ ಮಾತ್ರ, ಪಂಪು ನಿಲ್ಲಿಸಿದ ನಾಲ್ಕು ಗಂಟೆಯೊಳಗೆ. ಮುಗಿದ ತಕ್ಷಣ ಬಕೆಟ್, ಕೊಳವೆ, ಗಾಳಿ ಕಲ್ಲು ಎಲ್ಲಾ ಉಜ್ಜಿ ಬಿಸಿಲಿಗೆ. ಗಾಳಿ ಕಲ್ಲನ್ನು ಬೆರಳಲ್ಲಿ ತಿಕ್ಕಿದರೆ ಲೋಳೆಯ ತೆಳು ಪೊರೆ ಕೈಗೆ ಬರುತ್ತೆ. ಅದನ್ನು ಹಾಗೇ ಬಿಟ್ಟರೆ ಮುಂದಿನ ಬಕೆಟ್ಟಿನ ಹಣೆಬರಹ ಅದೇ ಬರೆಯುತ್ತೆ.

ಎಲ್ಲವನ್ನೂ ತಿರುಗಿಸಿದ ಸಾಲು

ಇಷ್ಟಾದ ಮೇಲೆ ಟೀ ಚೆನ್ನಾಗಿಯೇ ಬಂತು, ಕಂದು ಬಣ್ಣ, ಮಣ್ಣಿನ ವಾಸನೆ. ಬದನೆಗೆ ಹಾಕತೊಡಗಿದರು. ಕೆಲವು ವಾರದಲ್ಲಿ ಹೊಸ ಎಲೆ ಹಸಿರಾಗಿ ಬಂತು. ಎಲ್ಲರಿಗೂ ಖುಷಿ. ಇಲ್ಲಿಗೇ ಬಿಟ್ಟಿದ್ದರೆ ಇದು ಕಾಂಪೋಸ್ಟ್ ಟೀಯ ಪವಾಡ ಅಂತ ನಾಲ್ಕು ಮನೆಗೆ ಹರಡುತ್ತಿತ್ತು.

ಆದರೆ ಟೀ ಶುರು ಮಾಡುವ ಮುಂಚೆಯೇ ಮಗಳು ಒಂದು ಕೆಲಸ ಮಾಡಿಸಿದ್ದರು. ಒಂದೇ ಸಲ ನೆಟ್ಟ, ಹೆಚ್ಚುಕಡಿಮೆ ಒಂದೇ ಎತ್ತರದ ಒಂಬತ್ತು ಬದನೆ ಕುಂಡಗಳನ್ನು ಸಾಲಾಗಿ ಇಡಿಸಿ, ಚೀಟಿ ಎತ್ತಿ ಮೂರು ಗುಂಪು ಮಾಡಿದ್ದರು. ಮೂರಕ್ಕೆ ಟೀ. ಮೂರಕ್ಕೆ ಅದೇ ರಾತ್ರಿ ತೆರೆದಿಟ್ಟ ಕಾವೇರಿ ನೀರು, ಅಷ್ಟೇ ಅಳತೆ, ಬೇರೇನೂ ಇಲ್ಲ. ಇನ್ನು ಮೂರಕ್ಕೆ ಮೇಲ್ಮಣ್ಣಿಗೆ ಎರಡು ಹಿಡಿ ಮಾಗಿದ ಗೊಬ್ಬರ ಹರಡಿ, ಅದೇ ಕಾವೇರಿ ನೀರು. ಸರಿಯಾಗಿ ಹೋಲಿಸಬೇಕು ಅಂದರೆ ದಿನನಿತ್ಯದ ನೀರೂ ಒಂದೇ ಇರಬೇಕು ಅಂತ ಒಂಬತ್ತಕ್ಕೂ ಬೋರ್ ನೀರು ನಿಲ್ಲಿಸಿಬಿಟ್ಟಿದ್ದರು. ಉಳಿದ ಬದನೆ ಕುಂಡಗಳು ಹಳೇ ಹಾಗೇ ಬೋರ್ ನೀರಿನಲ್ಲಿ ಇದ್ದವು.

ಒಂಬತ್ತೂ ಹಸಿರಾದವು. ಟೀ ಕುಡಿದದ್ದು, ಬರೀ ನೀರು ಕುಡಿದದ್ದು ಯಾವುದು ಅಂತ ಚೀಟಿ ನೋಡದೆ ಹೇಳೋಕೆ ಆಗುತ್ತಿರಲಿಲ್ಲ. ಗೊಬ್ಬರ ಹರಡಿದ ಮೂರು ಮಾತ್ರ ಎದ್ದು ಕಾಣುವ ಹಾಗೆ ದಪ್ಪ ಕಾಂಡ, ಅಗಲ ಎಲೆ, ಜಾಸ್ತಿ ಹೂವು. ಬೋರ್ ನೀರಿನ ಗಿಡಗಳು ಹಳದಿಯಾಗಿಯೇ ಇದ್ದವು.

ಆಗ ಎಲ್ಲರೂ ಎಲೆಯನ್ನು ಹತ್ತಿರದಿಂದ ನೋಡಿದರು. ಹಳದಿ ಬಂದಿದ್ದು ತುದಿಯ ಎಳೆ ಎಲೆಗಳಿಗೆ. ಎಲೆಯ ಮೈ ಹಳದಿ, ನರಗಳು ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ ಸ್ಪಷ್ಟ. ಸಾರಜನಕ ಸಾಲದಿದ್ದರೆ ಬುಡದ ಹಳೇ ಎಲೆ ಮೊದಲು ಹಳದಿಯಾಗುತ್ತೆ, ಗಿಡ ಅಲ್ಲಿಂದ ಕಿತ್ತು ಮೇಲಕ್ಕೆ ಕಳಿಸುತ್ತೆ. ಕಬ್ಬಿಣವನ್ನು ಗಿಡ ಹಾಗೆ ಸಾಗಿಸೋಕೆ ಆಗಲ್ಲ, ಅದಕ್ಕೇ ಕೊರತೆ ಎಳೆ ಎಲೆಯಲ್ಲಿ ಕಾಣುತ್ತೆ. ಕುಂಡದ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆ ಮೊದಲಿನಿಂದ ಇತ್ತು, ದಿನಾ ಕಣ್ಣಿಗೆ ಬೀಳುತ್ತಿತ್ತು. ಬೋರ್ ನೀರು ಪರೀಕ್ಷೆ ಮಾಡಿಸಿದರು. ಪಿಎಚ್ (ಹುಳಿ, ಕ್ಷಾರದ ಅಳತೆ, 7ರ ಮೇಲೆ ಹೋದರೆ ಕ್ಷಾರ) 8 ದಾಟಿತ್ತು, ಮಣ್ಣನ್ನು ಕ್ಷಾರ ಮಾಡುವ ಬೈಕಾರ್ಬೊನೇಟ್ ಜಾಸ್ತಿ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರ ಇಲ್ಲ. ಆದರೆ ಅಂಥ ನೀರು ದಿನಾ ಬಿದ್ದರೆ ಕುಂಡದ ಮಣ್ಣು ಕ್ಷಾರವಾಗುತ್ತೆ, ಕಬ್ಬಿಣ ಮಣ್ಣಲ್ಲೇ ಇದ್ದರೂ ಬೇರಿಗೆ ಸಿಗೋದಿಲ್ಲ. ಹೊಲದಲ್ಲಾದರೆ ಮಳೆ ತೊಳೆಯುತ್ತೆ, ಕುಂಡದಲ್ಲಿ ವರ್ಷಗಟ್ಟಲೆ ಕೂಡುತ್ತಾ ಹೋಗುತ್ತೆ.

ಅಂದರೆ ಆ ಹಳದಿಗೂ ಗೊಬ್ಬರಕ್ಕೂ ಸಂಬಂಧವೇ ಇರಲಿಲ್ಲ. ಟೀ ಕೆಲಸ ಮಾಡಿದ ಹಾಗೆ ಕಂಡದ್ದು ಅದರ ನೀರಿನಿಂದ.

ಈಗ ಹೇಗಿದೆ

ಟೀ ಪೂರ್ತಿ ಬಿಟ್ಟಿಲ್ಲ. ಸಸಿ ಕಿತ್ತು ನೆಡುವಾಗ ಬುಡಕ್ಕೆ ಒಂದು ಲೋಟ ಹಾಕುತ್ತಾರೆ, ಯಜಮಾನರಿಗೆ ಅದರಲ್ಲಿ ನಂಬಿಕೆ ಇದೆ. ಸ್ವಲ್ಪ ಪೊಟ್ಯಾಷ್, ಸ್ವಲ್ಪ ಸಾರಜನಕ ನೀರಿನಲ್ಲಿ ಕರಗಿ ಬಂದಿರುತ್ತೆ, ಸಣ್ಣ ಊಟ ಅಂತ ಲೆಕ್ಕ ಹಾಕಿದರೆ ಸರಿ. ರೋಗ ಓಡಿಸುತ್ತೆ ಅನ್ನೋ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ಎಲೇನ್ ಇಂಗಮ್ ಅವರಂಥ ವಿಜ್ಞಾನಿಗಳು ಟೀ ಪರವಾಗಿ ಬಹಳ ಹೇಳಿದ್ದಾರೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಲಿಂಡಾ ಚಾಕರ್-ಸ್ಕಾಟ್ ಪ್ರಕಟವಾದ ಪ್ರಯೋಗಗಳನ್ನು ತೂಗಿ ನೋಡಿ, ಭರವಸೆ ಇಡುವಂಥ ಸಾಕ್ಷ್ಯ ಇಲ್ಲ ಅಂದಿದ್ದಾರೆ. ಈ ತಾರಸಿಯ ಬೆಂಡೆಗೆ ಬೂದಿರೋಗ ಬಂದಾಗ ಟೀ ಹಾಕಿದ ಗಿಡ, ಹಾಕದ ಗಿಡ ಎರಡಕ್ಕೂ ಬಂತು.

ಟೀಗೆ ಬಳಸಿದ ಚರಟವನ್ನು ಎಸೆಯುವುದಿಲ್ಲ, ಮಾಗಿದ ಗೊಬ್ಬರದ ಜೊತೆ ಕುಂಡಗಳ ಮೇಲೆ ಹರಡುತ್ತಾರೆ. ಗೊಬ್ಬರ ಸಾಲದು ಅನ್ನೋ ಮೂಲ ತೊಂದರೆಗೆ ಬೇರೆ ದಾರಿ ಹಿಡಿದರು. ಪಕ್ಕದ ಮನೆಯವರ ಅಡುಗೆಮನೆ ಕಸವೂ ಈಗ ಇವರ ಮಡಕೆಗೇ ಬರುತ್ತೆ, ಮುನಿಸು ಹೋಗಿ ಬದಲಿಗೆ ಬದನೆಕಾಯಿ ಹೋಗುತ್ತೆ.

ನೀರಿಗೆ ಮಳೆಯನ್ನು ನೆಚ್ಚಿಕೊಂಡಿದ್ದಾರೆ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಅಂತ ಹಿಡಿದರೂ 100 ಚದರ ಮೀಟರ್ ತಾರಸಿಯಿಂದ 80,000 ಲೀಟರ್, ಅರ್ಧ ಸಿಕ್ಕರೂ ಕಡಿಮೆ ಅಲ್ಲ. ಎರಡು ಡ್ರಮ್ ಇಟ್ಟು ಕೊಳವೆ ತಿರುಗಿಸಿದ್ದಾರೆ, ಮೊದಲ ಮಳೆಯ ಕೊಳೆ ನೀರು ಬಿಟ್ಟು ಆಮೇಲಿನದ್ದು ತುಂಬುತ್ತಾರೆ. ಬೇಸಿಗೆಯಲ್ಲಿ ಡ್ರಮ್ ಬರಿದಾದಾಗ ಬೋರ್ ನೀರು ಹಾಕಲೇಬೇಕಾಗುತ್ತೆ. ಆಗ ಮಳೆ ಬಂದ ದಿನ ಕುಂಡಗಳನ್ನು ತೆರೆದ ಕಡೆಗೆ ಎಳೆದು, ಉಪ್ಪು ತೂತಿನಿಂದ ಇಳಿದು ಹೋಗುವಷ್ಟು ನೆನೆಯಲು ಬಿಡುತ್ತಾರೆ.

ಮಲ್ಲಿಗೆ ಮಾತ್ರ ಇನ್ನೂ ಸರಿಹೋಗಿಲ್ಲ. ನೀರು ಬದಲಾಯಿಸಿದ ಮೇಲೂ ಚಿಗುರು ಹಳದಿಯೇ. ಸಿಮೆಂಟ್ ತೊಟ್ಟಿಯ ಗೋಡೆಯಿಂದಲೇ ಸುಣ್ಣ ಇಳಿಯುತ್ತಿರಬೇಕು ಅನ್ನೋದು ನನ್ನ ಅನುಮಾನ. ಬಳ್ಳಿ ಹಳೇದು, ಬೇರು ಅಲುಗಿಸಿದರೆ ಹೋದೀತು ಅನ್ನೋ ಭಯ ಯಜಮಾನಿಯವರಿಗೆ. ಹಾಗಾಗಿ ಮೊದಲು ನಾಲ್ಕು ಕಡ್ಡಿ ಕತ್ತರಿಸಿ ಬೇರೆ ಮಣ್ಣಿನ ಕುಂಡದಲ್ಲಿ ಊರಿದ್ದಾರೆ. ಅವು ಬೇರು ಹಿಡಿದ ಮೇಲೆ ಹಳೇ ಬಳ್ಳಿಯನ್ನು ತೊಟ್ಟಿಯಿಂದ ತೆಗೆಯೋದು ಅಂತ ಮಾತಾಗಿದೆ.